ಕೀರ್ದಿಯ ಕೆಳಗಿನ ಕೀರ್ದಿ: ಕಡತ ವ್ಯವಸ್ಥೆಯ ದುರಸ್ತಿ ಯಾರ ಹೊಣೆ?

ತೊಗರಿಯ ಹಂಗಾಮು ಆರಂಭವಾಯಿತೆಂದರೆ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲೂಕುಗಳ ಅಡತ ಅಂಗಡಿಗಳಲ್ಲಿಯೂ ದಾಲ್ ಮಿಲ್ಲುಗಳಲ್ಲಿಯೂ ಗಣಕಯಂತ್ರಕ್ಕೆ ಬಿಡುವೆಂಬುದಿರುವುದಿಲ್ಲ. ತೂಕದ ಚೀಟಿ, ಖರೀದಿ ಪಟ್ಟಿ, ಹಮಾಲಿ ಲೆಕ್ಕ, ಇ-ವೇ ಬಿಲ್ಲು, ಮಾರಾಟದ ಬಿಲ್ಲು ಎಲ್ಲವೂ ಒಂದೇ ಯಂತ್ರದೊಳಗೆ ಸೇರುತ್ತವೆ. ಕೆಂಪು ಹೊದಿಕೆಯ ಕೀರ್ದಿ ಪುಸ್ತಕವು ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಮಣೆಯ ಮೇಲೆ ಕುಳಿತು, ಮರುದಿನ ಕಪಾಟು ಸೇರುತ್ತದೆ. ನಿಜವಾದ ಲೆಕ್ಕ ಡಿಸ್ಕಿನಲ್ಲಿರುತ್ತದೆ. ಇಂತಹ ಒಂದು ಮಧ್ಯಾಹ್ನ, ಗುಮಾಸ್ತನು ಬಿಲ್ಲನ್ನು ದಾಖಲಿಸುತ್ತಿರುವಾಗಲೇ ವಿದ್ಯುತ್ ಹೋಗುತ್ತದೆ. ಯುಪಿಎಸ್ ಬ್ಯಾಟರಿ ಹಳೆಯದು; ಯಂತ್ರ ಆರಿಹೋಗುತ್ತದೆ. ವಿದ್ಯುತ್ ಮರಳಿದ ಮೇಲೆ ಪರದೆಯ ಮೇಲೆ ಡಿಸ್ಕ್ ಪರಿಶೀಲನೆ ನಡೆಯುತ್ತಿದೆ ಎಂಬ ಸೂಚನೆ ಕಾಣಿಸಿಕೊಳ್ಳುತ್ತದೆ. ಕೆಲವು ನಿಮಿಷಗಳ ನಂತರ ಎಲ್ಲವೂ ಮೊದಲಿನಂತೆ ತೆರೆದುಕೊಳ್ಳುತ್ತದೆ. ಗುಮಾಸ್ತನು ಮುಂದಿನ ರೈತನನ್ನು ಕರೆಯುತ್ತಾನೆ.

ಆ ಕೆಲವು ನಿಮಿಷಗಳಲ್ಲಿ ಒಳಗೆ ಏನು ನಡೆಯಿತು, ಅದನ್ನು ಮಾಡಿದ ಸಾಧನವನ್ನು ಯಾರು ಬರೆದರು, ಅದರಲ್ಲಿಯೇ ದೋಷವಿದ್ದರೆ ಯಾರು ತಿದ್ದುತ್ತಾರೆ ಎಂಬ ಪ್ರಶ್ನೆಯನ್ನು ವರ್ತಕರು ಕೇಳಿಕೊಳ್ಳುವುದು ಅಪರೂಪ. ಆದರೆ ಲೆಕ್ಕಪತ್ರದ ಭದ್ರತೆಯ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ.

ಡಿಸ್ಕ್ ಎಂಬುದು ಒಂದು ಗೋದಾಮು. ಗೋದಾಮಿನಲ್ಲಿ ಸಾವಿರಾರು ಚೀಲಗಳಿದ್ದರೂ ಯಾವ ರೈತನ ಸರಕು ಯಾವ ಸಾಲಿನಲ್ಲಿದೆ, ಎಲ್ಲಿ ಜಾಗ ಖಾಲಿ ಇದೆ ಎಂದು ಹೇಳುವ ರಜಿಸ್ಟರ್ ಇಲ್ಲದಿದ್ದರೆ ಆ ಸರಕು ಇದ್ದೂ ಇಲ್ಲದಂತೆ. ಡಿಸ್ಕಿನ ಆ ರಜಿಸ್ಟರಿಗೆ ಕಡತ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್ ಎಂದು ಹೆಸರು. ಒಂದು ಬಿಲ್ಲನ್ನು ಉಳಿಸುವಾಗ ಈ ರಜಿಸ್ಟರಿನಲ್ಲಿ ಕನಿಷ್ಠ ಎರಡು-ಮೂರು ಕಡೆ ನಮೂದಾಗಬೇಕು: ಕಡತದ ಉದ್ದ ಇಷ್ಟಾಯಿತು, ಇಂತಹ ಜಾಗ ಭರ್ತಿಯಾಯಿತು, ಖಾಲಿ ಜಾಗ ಇಷ್ಟು ಉಳಿಯಿತು. ಒಂದು ನಮೂದಾಗಿ ಇನ್ನೊಂದು ಆಗುವ ಮೊದಲೇ ವಿದ್ಯುತ್ ಹೋದರೆ, ಜಮೆ ಬರೆದು ಖರ್ಚು ಬರೆಯದ ಪುಸ್ತಕದ ಸ್ಥಿತಿ ಅದಕ್ಕೆ ಬರುತ್ತದೆ.

ಇದಕ್ಕೆ ಕಂಡುಕೊಂಡ ಪರಿಹಾರವು ವರ್ತಕರಿಗೆ ಹೊಸದಲ್ಲ. ಮೊದಲು ಕೀರ್ದಿಯಲ್ಲಿ ಬರೆ, ಆಮೇಲೆ ಖತಾವಣಿಗೆ ಏರಿಸು ಎಂಬುದು ಈ ನೆಲದ ಹಳೆಯ ರೂಢಿ. ಕಡತ ವ್ಯವಸ್ಥೆಯೂ ಅದನ್ನೇ ಮಾಡುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿಟ್ಟ ಹೆಸರೂ ಜರ್ನಲ್ ಎಂದೇ. ಮುಕ್ತ ತಂತ್ರಾಂಶವಾದ ಲಿನಕ್ಸ್‌ನಲ್ಲಿ 1993ರಲ್ಲಿ ಬಂದ ಇಎಕ್ಸ್‌ಟಿ-2 ಎಂಬ ಕಡತ ವ್ಯವಸ್ಥೆಗೆ ಕೀರ್ದಿ ಇರಲಿಲ್ಲ. 2001ರಲ್ಲಿ ಲಿನಕ್ಸ್ ಸೇರಿದ ಇಎಕ್ಸ್‌ಟಿ-3ಕ್ಕೆ ಕೀರ್ದಿ ಬಂತು. 2008ರ ಡಿಸೆಂಬರಿನಲ್ಲಿ ಇಎಕ್ಸ್‌ಟಿ-4 ಬಳಕೆಗೆ ಸಿದ್ಧವೆಂದು ಘೋಷಿಸಲ್ಪಟ್ಟಿತು. ವಿದ್ಯುತ್ ಮರಳಿದಾಗ ಯಂತ್ರವು ಕೀರ್ದಿಯನ್ನು ಓದಿ, ಪೂರ್ಣಗೊಂಡ ನಮೂದುಗಳನ್ನು ಖತಾವಣಿಗೆ ಏರಿಸಿ, ಅರ್ಧಕ್ಕೆ ನಿಂತವುಗಳನ್ನು ಬಿಟ್ಟುಬಿಡುತ್ತದೆ. ಒಂದು ಎಚ್ಚರಿಕೆ ಅಗತ್ಯ. ರೂಢಿಯ ವಿಧಾನದಲ್ಲಿ ಈ ಕೀರ್ದಿಯಲ್ಲಿ ಬರೆಯಲ್ಪಡುವುದು ರಜಿಸ್ಟರಿನ ಬದಲಾವಣೆ ಮಾತ್ರ, ಸರಕಿನ ವಿವರವಲ್ಲ. ಗೋದಾಮಿನ ಲೆಕ್ಕ ಸರಿಯಾಗುತ್ತದೆ. ಚೀಲದೊಳಗಿನ ತೊಗರಿ ಒಳ್ಳೆಯದೇ ಎಂಬ ಖಾತ್ರಿಯನ್ನು ಅದು ಕೊಡುವುದಿಲ್ಲ.

ಕೀರ್ದಿಯೇ ಕೆಟ್ಟರೆ ಅಥವಾ ಡಿಸ್ಕಿನ ಮೇಲ್ಮೈ ಹಾಳಾದರೆ ಬೇರೊಂದು ಸಾಧನ ಬೇಕಾಗುತ್ತದೆ. ಇಎಕ್ಸ್‌ಟಿ-4ಕ್ಕೆ ಸಂಬಂಧಿಸಿದ ಈ ಸಾಧನದ ಹೆಸರು ಇ2ಎಫ್‌ಎಸ್‌ಸಿಕೆ. ಅದು ಮಾಡುವ ಕೆಲಸವನ್ನು ಯಾವ ಲೆಕ್ಕಪರಿಶೋಧಕನೂ ಕಂಡ ತಕ್ಷಣ ಗುರುತಿಸಬಲ್ಲ: ತಾಳೆಪಟ್ಟಿ ಹಾಕುವುದು. ಭರ್ತಿಯಾಗಿದೆ ಎಂದು ಬರೆದ ಜಾಗಕ್ಕೆ ಒಡೆಯನಿದ್ದಾನೆಯೇ, ಒಂದೇ ಜಾಗಕ್ಕೆ ಇಬ್ಬರು ಒಡೆಯರಿದ್ದಾರೆಯೇ, ಹೆಸರಿದ್ದು ಸರಕಿಲ್ಲದ ಖಾತೆ ಇದೆಯೇ ಎಂದು ಅದು ಒಂದೊಂದಾಗಿ ತಾಳೆ ನೋಡುತ್ತದೆ. ಸರಕಿದ್ದು ಹೆಸರು ಕಳೆದುಹೋದ ಕಡತಗಳನ್ನು ‘ಲಾಸ್ಟ್ ಪ್ಲಸ್ ಫೌಂಡ್’ ಎಂಬ ಒಂದು ಕೋಶದಲ್ಲಿಡುತ್ತದೆ. ಅದು ಅನಾಮತ್ತು ಖಾತೆಯಲ್ಲದೆ ಮತ್ತೇನು? ಈ ಸಾಧನಗಳ ಸಂಗ್ರಹವನ್ನು ದಶಕಗಳಿಂದ ನೋಡಿಕೊಳ್ಳುತ್ತ ಬಂದವರು ಅಮೆರಿಕದ ಥಿಯೋಡರ್ ತ್ಸೋ. ಹೊಸ ಸೌಲಭ್ಯ ತಂದವರ ಹೆಸರು ಜಾಹೀರಾತಿನಲ್ಲಿ ಬರುತ್ತದೆ. ತಾಳೆಪಟ್ಟಿ ಹಾಕುವ ಸಾಧನವನ್ನು ವರ್ಷವರ್ಷವೂ ಸರಿಪಡಿಸುವವರ ಹೆಸರು ಎಲ್ಲಿಯೂ ಬರುವುದಿಲ್ಲ.

ಇಷ್ಟನ್ನು ಓದಿದ ಅನೇಕರು, ತಮ್ಮ ಅಂಗಡಿಯಲ್ಲಿರುವುದು ವಿಂಡೋಸ್, ಅದರ ಮೇಲೆ ಟ್ಯಾಲಿ. ಲಿನಕ್ಸ್‌ನ ಉಸಾಬರಿ ತಮಗೇಕೆ ಎಂದುಕೊಳ್ಳಬಹುದು. ಮೇಜಿನ ಮೇಲಿನ ಯಂತ್ರದ ಮಟ್ಟಿಗೆ ಆ ಮಾತು ನಿಜ. ಆದರೆ ಆ ಯಂತ್ರದ ಪ್ರತಿಗಳು ಹೋಗಿ ಸೇರುವ ಪೆಟ್ಟಿಗೆಯ ಮಟ್ಟಿಗೆ ನಿಜವಲ್ಲ. ಕಚೇರಿಯ ಮೂಲೆಯಲ್ಲಿ ಹಸಿರು ದೀಪ ಮಿನುಗಿಸುತ್ತ ಕುಳಿತ ಸೈನಾಲಜಿ ಅಥವಾ ಕ್ಯೂನ್ಯಾಪ್ ಮುಂತಾದ ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆಗಳೊಳಗೆ ಇರುವುದು ಇಎಕ್ಸ್‌ಟಿ-4, ಬಿಟಿಆರ್‌ಎಫ್‌ಎಸ್, ಜೆಡ್‌ಎಫ್‌ಎಸ್‌ನಂತಹ ಮುಕ್ತ ಕಡತ ವ್ಯವಸ್ಥೆಗಳೇ. ಮಾಸಿಕ ಬಾಡಿಗೆಯ ಮೇಲೆ ‘ಕ್ಲೌಡ್’ನಲ್ಲಿ ಲೆಕ್ಕವಿಡುವವರ ದತ್ತಾಂಶ ಕೊನೆಗೆ ನಿಲ್ಲುವುದು ಬಹುಮಟ್ಟಿಗೆ ಲಿನಕ್ಸ್ ಸರ್ವರುಗಳ ಮೇಲೆ. ಕಿಸೆಯಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ಒಳಗಿರುವುದೂ ಲಿನಕ್ಸೇ. ವರ್ತಕನು ಆರಿಸಿಕೊಂಡಿರಲಿ ಬಿಡಲಿ, ಅವನ ಕೀರ್ದಿಯ ಕೆಳಗಿನ ಕೀರ್ದಿ ಮುಕ್ತ ತಂತ್ರಾಂಶದಲ್ಲಿದೆ.

ಕೆರೆಯ ನೀರನ್ನು ಇಡೀ ಊರು ಕುಡಿಯುತ್ತದೆ. ಹೂಳು ತೆಗೆಯಲು ಕರೆದರೆ ಬರುವವರು ನಾಲ್ಕು ಮಂದಿ. ಮುಕ್ತ ಕಡತ ವ್ಯವಸ್ಥೆಗಳ ಇಂದಿನ ಸ್ಥಿತಿಯೂ ಅದೇ.

ದೋಷವೆಂಬುದು ಹೇಗಿರುತ್ತದೆ, ಹೇಗೆ ಹುಟ್ಟುತ್ತದೆ ಎಂಬುದಕ್ಕೆ 2023ರ ಡಿಸೆಂಬರಿನ ಘಟನೆ ಉತ್ತಮ ನಿದರ್ಶನ. ಡೆಬಿಯನ್ ಎಂಬುದು ಸರ್ವರುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಲಿನಕ್ಸ್ ಸಂಗ್ರಹ. ಅದರ 12.3 ಆವೃತ್ತಿ ಬಿಡುಗಡೆಯಾಗಬೇಕಿದ್ದ ದಿನವೇ, ಅದರಲ್ಲಿ ಸೇರಿದ್ದ ಲಿನಕ್ಸ್ 6.1.64ರಲ್ಲಿ ಇಎಕ್ಸ್‌ಟಿ-4ರ ದತ್ತಾಂಶ ಕೆಡುವ ಸಂಭವವಿದೆ ಎಂಬುದು ಬೆಳಕಿಗೆ ಬಂತು. ಬಿಡುಗಡೆಯನ್ನು ತಡೆಹಿಡಿದು, ಬಳಕೆದಾರರಿಗೆ ಸದ್ಯಕ್ಕೆ ನವೀಕರಿಸಬೇಡಿರೆಂದು ತಿಳಿಸಿ, ಮರುದಿನ ಸರಿಪಡಿಸಿದ 12.4ನ್ನು ಹೊರತರಲಾಯಿತು. ದೋಷದ ಮೂಲವಾದರೂ ಏನು? ಹೊಸ ಲಿನಕ್ಸ್‌ನಲ್ಲಿ ಮಾಡಿದ್ದ ಒಂದು ತಿದ್ದುಪಡಿಯನ್ನು ಹಳೆಯ, ಸ್ಥಿರ ಆವೃತ್ತಿಗೆ ತಂದಿದ್ದರು. ಆದರೆ ಆ ತಿದ್ದುಪಡಿ ನಿಂತಿದ್ದು ಇನ್ನೊಂದು ತಿದ್ದುಪಡಿಯ ಆಧಾರದ ಮೇಲೆ. ಆ ಎರಡನೆಯದು ಹಿಂದೆಯೇ ಉಳಿದಿತ್ತು. ಜಮೆಯ ಬದಿಯನ್ನು ಮಾತ್ರ ನಕಲು ಮಾಡಿ ಖರ್ಚಿನ ಬದಿಯನ್ನು ಮರೆತಂತಾಯಿತು. ತಿದ್ದುಪಡಿಯೇ ತಪ್ಪಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಅರ್ಧ ತಿದ್ದುಪಡಿ ತಪ್ಪಾಗಿತ್ತು.

ಅದಕ್ಕಿಂತ ಕೆಲವೇ ದಿನಗಳ ಹಿಂದೆ, ಅದೇ ವರ್ಷದ ನವೆಂಬರಿನಲ್ಲಿ, ಜೆಡ್‌ಎಫ್‌ಎಸ್‌ನ ಮುಕ್ತ ಆವೃತ್ತಿಯಲ್ಲಿ ಇನ್ನೊಂದು ದೋಷ ಪತ್ತೆಯಾಗಿತ್ತು. ನಕಲು ಮಾಡಿದ ಕಡತಗಳ ಕೆಲವು ಭಾಗಗಳು ಸೊನ್ನೆಗಳಾಗಿ ಬಿಡುತ್ತಿದ್ದವು. ಮೊದಲಿಗೆ ಆಪಾದನೆ ಬಂದಿದ್ದು ಹೊಸದಾಗಿ ಸೇರಿಸಿದ್ದ ಒಂದು ಸೌಲಭ್ಯದ ಮೇಲೆ. ಅಗೆದು ನೋಡಿದಾಗ ತಿಳಿದದ್ದು, ಮೂಲ ತಪ್ಪು ಎಷ್ಟೋ ವರ್ಷಗಳಷ್ಟು ಹಳೆಯದು. ಹೊಸ ಸೌಲಭ್ಯವು ಅದನ್ನು ಹೆಚ್ಚು ಬಾರಿ ಹೊರಗೆಡಹಿತ್ತು, ಅಷ್ಟೆ. ನವೆಂಬರ್ 30ರಂದು ಸರಿಪಡಿಸಿದ ಆವೃತ್ತಿಗಳು ಬಂದವು. ಇಲ್ಲಿ ಮುಕ್ತ ತಂತ್ರಾಂಶದ ದೌರ್ಬಲ್ಯವೂ ಇದೆ, ಶಕ್ತಿಯೂ ಇದೆ. ಎಲ್ಲರ ಕಣ್ಣಿಗೂ ಬಿದ್ದಿದ್ದ ಬರಹದಲ್ಲಿ ತಪ್ಪು ವರ್ಷಗಟ್ಟಲೆ ಅಡಗಿತ್ತು ಎಂಬುದನ್ನು ಮುಚ್ಚಿಡಲಾಗದು. ಆದರೆ ಪತ್ತೆಯಾದ ಮೇಲೆ ಅದರ ವಿವರ, ಚರ್ಚೆ, ತಿದ್ದುಪಡಿ ಎಲ್ಲವೂ ಬಹಿರಂಗವಾಗಿಯೇ ನಡೆದವು. ಬಾಗಿಲು ಮುಚ್ಚಿದ ತಂತ್ರಾಂಶದಲ್ಲಿ ಇಂತಹ ತಪ್ಪಿದ್ದರೆ ಗ್ರಾಹಕನಿಗೆ ಸಿಗುವುದು, ‘ಕೆಲವು ಸುಧಾರಣೆಗಳನ್ನು ಮಾಡಲಾಗಿದೆ’ ಎಂಬ ಒಂದು ಸಾಲು.

ತಪ್ಪನ್ನು ಹುಡುಕುವ ಕ್ರಮವೂ ಲೆಕ್ಕದ ಮನೆಯ ಕ್ರಮವನ್ನೇ ಹೋಲುತ್ತದೆ. ತಾಳೆಪಟ್ಟಿ ಕೂಡದಿದ್ದಾಗ ಅನುಭವಿ ಮುನೀಮನು ವ್ಯತ್ಯಾಸದ ಮೊತ್ತ ಒಂಬತ್ತರಿಂದ ಭಾಗವಾಗುತ್ತದೆಯೇ ಎಂದು ಮೊದಲು ನೋಡುತ್ತಾನೆ; ಭಾಗವಾದರೆ 54ರ ಬದಲು 45 ಬರೆದಂತಹ ಅಂಕಿ ಪಲ್ಲಟ ಆಗಿರಬಹುದು. ಅದೂ ಅಲ್ಲವಾದರೆ ವರ್ಷದ ಪುಸ್ತಕವನ್ನು ಎರಡು ಭಾಗ ಮಾಡಿ, ಸೆಪ್ಟೆಂಬರಿನವರೆಗೆ ಕೂಡುತ್ತದೆಯೇ ನೋಡಿ, ಕೂಡಿದರೆ ಉಳಿದರ್ಧವನ್ನು ಮತ್ತೆ ಎರಡು ಮಾಡುತ್ತ ಹೋಗುತ್ತಾನೆ. ಲಿನಕ್ಸ್ ತಂತ್ರಜ್ಞರು ‘ಬೈಸೆಕ್ಟ್’ ಎಂದು ಕರೆಯುವ ವಿಧಾನ ನಿಖರವಾಗಿ ಇದೇ. ಹತ್ತು ಸಾವಿರ ಬದಲಾವಣೆಗಳ ನಡುವೆ ತಪ್ಪು ಮಾಡಿದ ಒಂದನ್ನು ಹದಿನಾಲ್ಕು ಪರೀಕ್ಷೆಗಳೊಳಗೆ ಹಿಡಿಯಬಹುದು. ಸಿಕ್ಕ ಮೇಲೆ ಅದನ್ನು ಅಳಿಸಿ ಮೇಲೆ ಬರೆಯುವಂತಿಲ್ಲ; ಇಂತಹ ಹಿಂದಿನ ನಮೂದನ್ನು ಇದು ಸರಿಪಡಿಸುತ್ತದೆ ಎಂದು ಉಲ್ಲೇಖಿಸಿ ಹೊಸ ತಿದ್ದುಪಡಿ ನಮೂದನ್ನು ಬರೆಯಬೇಕು. ಬರೆದವನ ಸಹಿ, ಪರಿಶೀಲಿಸಿದವನ ಸಹಿ ಅದರ ಕೆಳಗಿರುತ್ತದೆ. ಜಿಎಸ್‌ಟಿ ನಿಯಮ 56 ವರ್ತಕನಿಂದ ಬಯಸುವುದೂ ಇದನ್ನೇ: ನಮೂದನ್ನು ಅಳಿಸಬಾರದು, ಅದರ ಮೇಲೆ ಬರೆಯಬಾರದು, ವಿದ್ಯುನ್ಮಾನ ಲೆಕ್ಕವಾದರೆ ತಿದ್ದಿದ ಮತ್ತು ತೆಗೆದುಹಾಕಿದ ಪ್ರತಿ ನಮೂದಿನ ದಾಖಲೆ ಇರಬೇಕು. ಬಿಟಿಆರ್‌ಎಫ್‌ಎಸ್, ಜೆಡ್‌ಎಫ್‌ಎಸ್‌ಗಳಂತೂ ಡಿಸ್ಕಿನ ಮೇಲೆಯೇ ಈ ಶಿಸ್ತನ್ನು ಪಾಲಿಸುತ್ತವೆ. ಹಳೆಯದರ ಮೇಲೆ ಬರೆಯದೆ, ಹೊಸ ಜಾಗದಲ್ಲಿ ಬರೆದು, ಬರಹ ಪೂರ್ಣಗೊಂಡ ನಂತರವೇ ಹಳೆಯದನ್ನು ಬಿಟ್ಟುಕೊಡುತ್ತವೆ.

ದುರಸ್ತಿಯ ಸಾಧನ ದುರಸ್ತಿಯನ್ನೇ ಮಾಡುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಬಿಟಿಆರ್‌ಎಫ್‌ಎಸ್‌ನ ಪರೀಕ್ಷಾ ಸಾಧನಕ್ಕೆ ‘ದುರಸ್ತಿ ಮಾಡು’ ಎಂಬ ಆಜ್ಞೆ ಇದೆ; ಆದರೆ ತಜ್ಞರ ಸಲಹೆಯಿಲ್ಲದೆ ಅದನ್ನು ಬಳಸಬೇಡಿರೆಂದು ಆ ಸಾಧನದ ಕೈಪಿಡಿಯೇ ಎಚ್ಚರಿಸುತ್ತದೆ. ತನ್ನ ಮಿತಿಯನ್ನು ಹೀಗೆ ಬಹಿರಂಗವಾಗಿ ಒಪ್ಪಿಕೊಳ್ಳುವ ಸರಕು ಪೇಟೆಯಲ್ಲಿ ಬೇರೆ ಯಾವುದಿದೆ? ಅವಸರದಲ್ಲಿ ಆ ಆಜ್ಞೆ ಕೊಟ್ಟು, ಉಳಿಯಬಹುದಾಗಿದ್ದ ಲೆಕ್ಕವನ್ನೂ ಕಳೆದುಕೊಳ್ಳುವ ಅಪಾಯವಿದೆ. ಡಿಸ್ಕ್ ಕೆಟ್ಟಿತೆಂದು ತಿಳಿದಾಗ ಮಾಡಬೇಕಾದ ಮೊದಲ ಕೆಲಸ ದುರಸ್ತಿಯಲ್ಲ, ಇದ್ದಂತೆಯೇ ಇಡೀ ಡಿಸ್ಕಿನ ಪ್ರತಿ ತೆಗೆಯುವುದು. ಕಲಬುರಗಿಯಿಂದಲೋ ಸೊಲ್ಲಾಪುರದಿಂದಲೋ ಬರುವ ತಂತ್ರಜ್ಞನು ಪೆಟ್ಟಿಗೆ ಬಿಚ್ಚಿದ ಕೂಡಲೇ ಆಜ್ಞೆ ಒತ್ತಲು ಹೊರಟರೆ ಅವನನ್ನು ತಡೆದು ನಿಲ್ಲಿಸುವ ಅಧಿಕಾರ ಮಾಲೀಕನಿಗಿದೆ. ಹಣ ಕೊಡುವವನು ಅವನೇ.

ದುರಸ್ತಿಯ ಸಾಧನಗಳ ಕುರಿತೇ 2025ರಲ್ಲಿ ಒಂದು ದೊಡ್ಡ ಜಗಳ ನಡೆಯಿತು. ಲಿನಕ್ಸ್‌ನ ಪ್ರತಿ ಆವೃತ್ತಿಗೂ ಒಂದು ಪಂಚಾಂಗವಿದೆ. ಮೊದಲ ಎರಡು ವಾರ ಹೊಸ ಸೌಲಭ್ಯಗಳಿಗೆ ಬಾಗಿಲು ತೆರೆದಿರುತ್ತದೆ. ನಂತರದ ಏಳೆಂಟು ವಾರಗಳಲ್ಲಿ ದೋಷ ತಿದ್ದುವುದಕ್ಕೆ ಮಾತ್ರ ಅವಕಾಶ. 2024ರ ಜನವರಿಯ ಲಿನಕ್ಸ್ 6.7ರಲ್ಲಿ ಸೇರಿದ್ದ ಬಿಕ್ಯಾಶ್‌ಎಫ್‌ಎಸ್ ಎಂಬ ಹೊಸ ಕಡತ ವ್ಯವಸ್ಥೆಯ ಕರ್ತೃ ಕೆಂಟ್ ಓವರ್‌ಸ್ಟ್ರೀಟ್, 6.16ರ ತಿದ್ದುಪಡಿ ವಾರಗಳಲ್ಲಿ, ಕೀರ್ದಿಯನ್ನು ಹಿಂದಕ್ಕೆ ತಿರುಗಿಸಿ ಕಳೆದ ಕಡತಗಳನ್ನು ಮರಳಿ ಪಡೆಯುವ ಒಂದು ಸಾಧನವನ್ನು ಕಳುಹಿಸಿದರು. ಅದು ದೋಷ ಪರಿಹಾರವಲ್ಲ, ಹೊಸ ಸೌಲಭ್ಯ ಎಂಬುದು ಲಿನಸ್ ಟೋರ್ವಾಲ್ಡ್ಸ್ ಅವರ ಆಕ್ಷೇಪ. ಬಳಕೆದಾರರ ದತ್ತಾಂಶ ಉಳಿಸುವುದು ಎಲ್ಲಕ್ಕಿಂತ ಮೊದಲು ಎಂಬುದು ಓವರ್‌ಸ್ಟ್ರೀಟ್ ಅವರ ವಾದ. ಜಗಳ ಅಲ್ಲಿಗೇ ನಿಲ್ಲಲಿಲ್ಲ. 6.17ರಲ್ಲಿ ಆ ಕಡತ ವ್ಯವಸ್ಥೆಯನ್ನು ಹೊರಗಿನಿಂದ ನಿರ್ವಹಿಸಲ್ಪಡುವುದೆಂದು ಗುರುತಿಸಿ, 6.18ರಲ್ಲಿ ಲಿನಕ್ಸ್‌ನಿಂದಲೇ ತೆಗೆದುಹಾಕಲಾಯಿತು.

ಈ ವಿವಾದದಲ್ಲಿ ಲೆಕ್ಕದ ಮನೆಯ ಒಲವು ಟೋರ್ವಾಲ್ಡ್ಸ್ ಅವರ ಕಡೆಗೇ ಇರಬೇಕು. ಮಾರ್ಚ್ 31ರ ನಂತರ ಬಂದ ಬಿಲ್ಲು ಎಷ್ಟೇ ನ್ಯಾಯವಾದುದಾದರೂ ಅದನ್ನು ಹಿಂದಿನ ದಿನಾಂಕದಲ್ಲಿ ತುರುಕುವ ಸಂಸ್ಥೆಯ ಪುಸ್ತಕವನ್ನು ಯಾರೂ ನಂಬಲಾರರು. ಗಡುವೆಂಬುದು ಕಷ್ಟಕಾಲದಲ್ಲಿಯೇ ಪರೀಕ್ಷೆಗೊಳಗಾಗುವ ಶಿಸ್ತು. ಹೀಗಿದ್ದರೂ ಓವರ್‌ಸ್ಟ್ರೀಟ್ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ದತ್ತಾಂಶ ಕಳೆದುಕೊಂಡು ಕುಳಿತವನಿಗೆ ಮುಂದಿನ ಆವೃತ್ತಿಯವರೆಗೆ ಕಾಯಿರಿ ಎಂದರೆ ಅವನಿಗೆ ಸಮಾಧಾನವಾಗದು. ಪೇಟೆಯ ಮಟ್ಟಿಗೆ ಇದರಿಂದ ತಿಳಿಯಬೇಕಾದದ್ದು ಸರಳ: ಹೊಸದು, ವೇಗದ್ದು ಎಂಬ ಕಾರಣಕ್ಕೆ ಒಬ್ಬನೇ ವ್ಯಕ್ತಿಯ ಹೆಗಲ ಮೇಲೆ ನಿಂತ ಕಡತ ವ್ಯವಸ್ಥೆಯಲ್ಲಿ ಲೆಕ್ಕಪತ್ರ ಇಡುವುದು ವ್ಯಾಪಾರಿ ಬುದ್ಧಿಯಲ್ಲ. ಹಳೆಯದರಲ್ಲಿಯೂ ಕೆಲಸ ನಡೆಯುತ್ತಲೇ ಇದೆ. ಎಕ್ಸ್‌ಎಫ್‌ಎಸ್ ಎಂಬ ಹಳೆಯ ಕಡತ ವ್ಯವಸ್ಥೆಗೆ, ಯಂತ್ರವನ್ನು ನಿಲ್ಲಿಸದೆ ಪರಿಶೀಲನೆ ಮತ್ತು ದುರಸ್ತಿ ಮಾಡುವ ಸಾಮರ್ಥ್ಯ ಡ್ಯಾರಿಕ್ ವಾಂಗ್ ಅವರ ಅನೇಕ ವರ್ಷಗಳ ಪರಿಶ್ರಮದಿಂದ 2024ರಲ್ಲಿ ಲಿನಕ್ಸ್ ಸೇರಿತು. ಅಂಗಡಿಯ ಬಾಗಿಲು ಹಾಕದೆಯೇ ದಾಸ್ತಾನು ಎಣಿಸುವ ಉಪಾಯವದು. ಹಂಗಾಮಿನಲ್ಲಿ ಅದರ ಬೆಲೆ ಎಷ್ಟೆಂಬುದನ್ನು ದಾಲ್ ಮಿಲ್ಲಿನ ಮಾಲೀಕರಿಗೆ ವಿವರಿಸಬೇಕಾಗಿಲ್ಲ.

ಇದೆಲ್ಲ ದೂರದೇಶದ ಮಾತೆಂದು ಭಾವಿಸಬೇಕಾಗಿಲ್ಲ. ಈ ಕೆಲಸದ ಒಂದು ದೊಡ್ಡ ಪಾಲು ಬೆಂಗಳೂರಿನಲ್ಲಿಯೇ ನಡೆದಿದೆ. 2005ರಲ್ಲಿ ಆನಂದ್ ಬಾಬು ಪೆರಿಯಸ್ವಾಮಿ ಮತ್ತು ಅವರ ಸಂಗಡಿಗರು ಕಟ್ಟಿದ ಗ್ಲಸ್ಟರ್ ಎಂಬ ಸಂಸ್ಥೆಯ ತಾಂತ್ರಿಕ ತಂಡ ಬೆಂಗಳೂರಿನಲ್ಲಿತ್ತು. ಅಗ್ಗದ ಹಲವು ಯಂತ್ರಗಳ ಡಿಸ್ಕುಗಳನ್ನು ಸೇರಿಸಿ ಒಂದೇ ಗೋದಾಮಿನಂತೆ ತೋರಿಸುವ, ಒಂದು ಕಡತವನ್ನು ಎರಡು-ಮೂರು ಯಂತ್ರಗಳಲ್ಲಿ ಏಕಕಾಲಕ್ಕೆ ಇಡುವ ಗ್ಲಸ್ಟರ್ ಎಫ್‌ಎಸ್ ಎಂಬ ಮುಕ್ತ ಕಡತ ವ್ಯವಸ್ಥೆ ಅವರದು. 2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಕಂಪನಿ ಅದನ್ನು ಸುಮಾರು 13.6 ಕೋಟಿ ಡಾಲರಿಗೆ ಕೊಂಡಿತು.

ಎರಡು ಪ್ರತಿ ಇಟ್ಟರೆ ಒಂದು ಹೊಸ ಕಷ್ಟ ಹುಟ್ಟುತ್ತದೆ. ನಡುವಿನ ಸಂಪರ್ಕ ಕಡಿದಾಗ ಎರಡೂ ಕಡೆ ಬೇರೆ ಬೇರೆ ನಮೂದಾದರೆ, ಸಂಪರ್ಕ ಮರಳಿದ ಮೇಲೆ ಯಾವುದು ಸರಿ? ಪಾಲುದಾರರಿಬ್ಬರು ಎರಡು ಪೇಟೆಗಳಲ್ಲಿ ಕುಳಿತು ಒಂದೇ ಖಾತೆಯನ್ನು ಬರೆದಾಗ ಬರುವ ತಕರಾರು ಇದೇ. ತಂತ್ರಜ್ಞರು ಇದನ್ನು ‘ಸ್ಪ್ಲಿಟ್ ಬ್ರೇನ್’, ಅಂದರೆ ಇಬ್ಭಾಗವಾದ ಬುದ್ಧಿ ಎನ್ನುತ್ತಾರೆ. ಗ್ಲಸ್ಟರ್ ತಂಡವು 2015ರ 3.7ನೆಯ ಆವೃತ್ತಿಯಲ್ಲಿ ಕೊಟ್ಟ ಪರಿಹಾರವು ಪಂಚರನ್ನು ಕೂಡಿಸುವ ಪದ್ಧತಿಯನ್ನು ನೆನಪಿಸುತ್ತದೆ. ಮೂರನೆಯ ಯಂತ್ರವು ಸರಕನ್ನು ಇಟ್ಟುಕೊಳ್ಳುವುದಿಲ್ಲ. ಯಾರ ನಮೂದು ಯಾವಾಗ ಆಯಿತು ಎಂಬ ಸಾಕ್ಷಿಯನ್ನು ಮಾತ್ರ ಇಟ್ಟುಕೊಂಡು, ತಕರಾರು ಹುಟ್ಟದಂತೆ ತಡೆಯುತ್ತದೆ. ಮೂರು ಪೂರ್ಣ ಪ್ರತಿಗಳ ಖರ್ಚಿಲ್ಲದೆ ಮೂರನೆಯ ಸಾಕ್ಷಿಯ ಭದ್ರತೆ ದೊರೆಯಿತು.

ಗ್ಲಸ್ಟರ್‌ನ ಇನ್ನೊಂದು ಭಾಗವೆಂದರೆ ದೂರದ ಊರಿಗೆ ಪ್ರತಿ ಕಳುಹಿಸುವ ಸಾಧನ. ಅದನ್ನು ವರ್ಷಗಳ ಕಾಲ ನಿರ್ವಹಿಸಿದವರಲ್ಲಿ ಒಬ್ಬರು ಅರವಿಂದ ವಿ.ಕೆ. ಕನ್ನಡದ ‘ಗುಬ್ಬಿ’ ಎಂಬ ಮುಕ್ತ ಅಕ್ಷರಶೈಲಿಯ ಹಿಂದಿರುವ ಹೆಸರೂ ಅದೇ. ಮುಂದೆ ಅವರು ಮತ್ತು ಗ್ಲಸ್ಟರ್ ತಂಡದಲ್ಲಿದ್ದ ಅಮರ್ ತುಂಬಳ್ಳಿ ಸೇರಿ, ಅದೇ ಕಡತ ವ್ಯವಸ್ಥೆಯನ್ನು ಆಧರಿಸಿ ಹೊಸ ಯೋಜನೆಯೊಂದನ್ನು ಆರಂಭಿಸಿದರು. ಅದಕ್ಕಿಟ್ಟ ಹೆಸರು ‘ಕಡಲು’. ಜಾಗತಿಕ ತಂತ್ರಾಂಶವೊಂದು ಕನ್ನಡದ ಹೆಸರು ಹೊತ್ತು ಓಡಾಡುತ್ತಿರುವುದು ಈ ಪತ್ರಿಕೆಯ ಓದುಗರಲ್ಲಿ ಎಷ್ಟು ಮಂದಿಗೆ ತಿಳಿದಿತ್ತು?

ದೂರದ ಪ್ರತಿ ಏಕೆ ಬೇಕೆಂಬುದನ್ನು ಈ ಮೂರು ತಾಲೂಕುಗಳಿಗೆ ನದಿಯೇ ಕಲಿಸಿದೆ. ಆಳಂದ ತಾಲೂಕಿನ ಅಮರ್ಜಾ, ಅಫಜಲಪುರ ತಾಲೂಕಿನ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಜೇವರ್ಗಿಯ ಕಡೆಗೆ ಹರಿಯುತ್ತದೆ. 2020ರ ಅಕ್ಟೋಬರಿನ ಮಹಾಪೂರದಲ್ಲಿ ಭೀಮಾ ದಂಡೆಯ ಹಳ್ಳಿಗಳು ಜಲಾವೃತವಾದದ್ದು ಇನ್ನೂ ಮರೆತಿಲ್ಲ. ಯಂತ್ರ ಮತ್ತು ಅದರ ಪ್ರತಿ ಎರಡೂ ಒಂದೇ ಮಾಳಿಗೆಯ ಕೆಳಗಿದ್ದರೆ ಅದು ಎರಡು ಪ್ರತಿ ಎನಿಸದು. ಅಫಜಲಪುರದ ಅಂಗಡಿಯ ಪ್ರತಿ ಆಳಂದದಲ್ಲಿ, ಆಳಂದದ್ದು ಜೇವರ್ಗಿಯಲ್ಲಿ ಇರುವಂತೆ ವರ್ತಕರು ಪರಸ್ಪರ ಒಪ್ಪಂದ ಮಾಡಿಕೊಳ್ಳುವುದಕ್ಕೆ ಬೇಕಾದ ಸಾಧನಗಳು ಮುಕ್ತವಾಗಿಯೇ ಇವೆ. ಬೇರೆಯವರ ಕೈಯಲ್ಲಿ ಲೆಕ್ಕ ಇಡುವುದೆಂತು ಎಂಬ ಅಳುಕಿದ್ದರೆ, ಬೀಗ ಹಾಕಿದ ಪೆಟ್ಟಿಗೆಯಂತೆ ಗೂಢಲಿಪಿಯಲ್ಲಿ ಕಳುಹಿಸುವ ವ್ಯವಸ್ಥೆಯೂ ಇದೆ.

ಈಗ ಕಷ್ಟದ ಮಾತು. 2024ರ ಡಿಸೆಂಬರ್ 31ರಂದು ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಉತ್ಪನ್ನಕ್ಕೆ ಕೊಡುತ್ತಿದ್ದ ಬೆಂಬಲ ಕೊನೆಗೊಂಡಿತು. ಕಂಪನಿಯನ್ನು ದೂಷಿಸುವಂತಿಲ್ಲ, ಲಾಭವಿಲ್ಲದ ಸರಕನ್ನು ಯಾವ ವರ್ತಕನೂ ಬಹುಕಾಲ ಅಂಗಡಿಯಲ್ಲಿಡುವುದಿಲ್ಲ. ಬಾಗಿಲು ಮುಚ್ಚಿದ ತಂತ್ರಾಂಶವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇದು ಮುಕ್ತವಾದ್ದರಿಂದ ಮೂಲ ಬರಹ ಎಲ್ಲರ ಕೈಯಲ್ಲಿದೆ, ಯಾರು ಬೇಕಾದರೂ ಮುಂದುವರಿಸಬಹುದು. ‘ಯಾರು ಬೇಕಾದರೂ’ ಎಂಬ ಮಾತಿನಲ್ಲಿಯೇ ಅಪಾಯವಿದೆ. ಮೂಲ ಬರಹವು ತನ್ನನ್ನು ತಾನೇ ತಿದ್ದಿಕೊಳ್ಳುವುದಿಲ್ಲ. ಸಂಬಳ ಪಡೆದು ದೋಷ ತಿದ್ದುತ್ತಿದ್ದ ಕೈಗಳು ಕಡಿಮೆಯಾದರೆ, ಉಳಿದವರು ರಾತ್ರಿ ಬಿಡುವಿನಲ್ಲಿ ತಿದ್ದಬೇಕು. ಎಕ್ಸ್‌ಎಫ್‌ಎಸ್‌ನಂತಹ ಪ್ರತಿಷ್ಠಿತ ವ್ಯವಸ್ಥೆಯಲ್ಲಿಯೂ 2023ರಲ್ಲಿ ಡ್ಯಾರಿಕ್ ವಾಂಗ್ ಅವರು ನಿರ್ವಾಹಕ ಹೊಣೆಯಿಂದ ಹಿಂದೆ ಸರಿದು, ಬಿಡುಗಡೆಯ ಭಾರವನ್ನು ಚಂದನ್ ಬಾಬು ಅವರು ಹೊರಬೇಕಾಯಿತು. ಜಗತ್ತಿನ ಬ್ಯಾಂಕುಗಳೂ ಕಾರ್ಖಾನೆಗಳೂ ಅವಲಂಬಿಸಿರುವ ಒಂದು ಕಡತ ವ್ಯವಸ್ಥೆಯ ಹೊಣೆ ಹೀಗೆ ಬೆರಳೆಣಿಕೆಯ ಜನರ ನಡುವೆ ಕೈ ಬದಲಾಯಿಸುತ್ತಿರುತ್ತದೆ.

ಕಾನೂನಂತೂ ವರ್ತಕನಿಗೆ ಯಾವ ವಿನಾಯಿತಿಯನ್ನೂ ಕೊಟ್ಟಿಲ್ಲ. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಕಾಪಾಡಬೇಕು. ವಿದ್ಯುನ್ಮಾನ ದಾಖಲೆಗಳು ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ನಾಶವಾದರೆ, ಸಮಂಜಸ ಅವಧಿಯೊಳಗೆ ಮರಳಿ ಪಡೆಯಲು ಸಾಧ್ಯವಾಗುವಂತೆ ಪ್ರತಿ ಇಟ್ಟಿರಬೇಕು ಎನ್ನುತ್ತದೆ ನಿಯಮ 57. ಕಂಪನಿಗಳಿಗೆ ಇನ್ನೂ ಬಿಗಿ: ಪುಸ್ತಕಗಳನ್ನು ಎಂಟು ಹಣಕಾಸು ವರ್ಷಗಳವರೆಗೆ ಇಡಬೇಕು, 2022ರ ತಿದ್ದುಪಡಿಯಂತೆ ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನದ ಪ್ರತಿ ಇರಬೇಕು, 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡನ್ನು ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕು. ನಿಯಮ 57ರ ಮಾತನ್ನು ಮತ್ತೊಮ್ಮೆ ಓದುವುದು ಲೇಸು. ಪ್ರತಿ ಇದ್ದರೆ ಸಾಲದು, ಅದರಿಂದ ಲೆಕ್ಕ ಮರಳಿ ಬರಬೇಕು. ಡಿಸ್ಕ್ ಕೆಟ್ಟಿತು ಎಂಬ ಉತ್ತರವನ್ನು ಅಧಿಕಾರಿಯ ಮುಂದಿಟ್ಟು ಪಾರಾಗುವ ದಾರಿ ಇದರಲ್ಲಿ ಕಾಣಿಸುವುದಿಲ್ಲ.

ಹೀಗಿರುವಾಗ ವಾಣಿಜ್ಯ ಸಂಸ್ಥೆಗಳು ಮಾಡಬಹುದಾದ ಕೆಲಸ ಸಾಕಷ್ಟಿದೆ. ವೇಬ್ರಿಜ್ಜಿಗೆ, ಜನರೇಟರಿಗೆ, ಬಣ್ಣ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರಕ್ಕೆ ವಾರ್ಷಿಕ ನಿರ್ವಹಣಾ ಕರಾರು ಮಾಡಿಕೊಳ್ಳದ ಮಿಲ್ಲು ವಿರಳ. ಅದೇ ಮಿಲ್ಲಿನ ಇಡೀ ಲೆಕ್ಕವನ್ನು ಹೊತ್ತಿರುವ ತಂತ್ರಾಂಶದ ನಿರ್ವಹಣೆಗೆ ಒಂದು ರೂಪಾಯಿಯೂ ಹೋಗುವುದಿಲ್ಲ, ಏಕೆಂದರೆ ಅದು ಪುಕ್ಕಟೆ ಸಿಕ್ಕಿದೆ. ಒಬ್ಬೊಬ್ಬ ಸದಸ್ಯನಿಂದ ಇದು ಆಗದ ಮಾತು, ಸಂಸ್ಥೆಯಿಂದ ಆಗುತ್ತದೆ. ಆಳಂದ ತಾಲೂಕಿನ ಕಡಗಂಚಿಯಲ್ಲಿಯೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಲಬುರಗಿಯಲ್ಲಿ 1958ರಿಂದ ಪಿಡಿಎ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ಗಣಕ ವಿಜ್ಞಾನದ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಮಾಡುವ ಪ್ರಾಜೆಕ್ಟುಗಳಲ್ಲಿ ಎರಡು-ಮೂರನ್ನಾದರೂ ಕಡತ ವ್ಯವಸ್ಥೆಯ ಪರೀಕ್ಷೆಗೆ ಮೀಸಲಿಡುವಂತೆ ಕೋರಿ, ವಿದ್ಯಾರ್ಥಿವೇತನ ಕೊಡಬಹುದು. ಲಿನಕ್ಸ್‌ನ ಕಡತ ವ್ಯವಸ್ಥೆಗಳೆಲ್ಲಕ್ಕೂ ಬಳಕೆಯಾಗುವ ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಎಂಬ ಪರೀಕ್ಷಾ ಸಂಗ್ರಹವನ್ನು ಸಾಧಾರಣ ಯಂತ್ರದ ಮೇಲೆಯೂ ನಡೆಸಬಹುದು. ವೋಲ್ಟೇಜ್ ಏರಿಳಿಯುವ, ಬೇಸಿಗೆಯಲ್ಲಿ ಕಾದು ಕೆಂಡವಾಗುವ, ತೊಗರಿಯ ಹೊಟ್ಟಿನ ಧೂಳು ತುಂಬುವ ಊರುಗಳ ಯಂತ್ರಗಳಲ್ಲಿ ಏನಾಗುತ್ತದೆಂಬುದನ್ನು ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತವರಿಗೆ ತಿಳಿಸುವವರು ಬೇಕಾಗಿದ್ದಾರೆ. ಒಂದು ದೋಷವನ್ನು ಮತ್ತೆ ಮತ್ತೆ ಉಂಟಾಗುವಂತೆ ಮಾಡಿ ತೋರಿಸುವ ವರದಿಯು ತಿದ್ದುಪಡಿಯ ಅರ್ಧ ಕೆಲಸವನ್ನು ಮುಗಿಸಿದಂತೆ. ಅಂತಹ ನಾಲ್ಕು ವರದಿ ಬರೆದ ಹುಡುಗನಿಗೋ ಹುಡುಗಿಗೋ ಬೆಂಗಳೂರಿನಲ್ಲಿ ಕೆಲಸಕ್ಕೆ ಶಿಫಾರಸು ಪತ್ರದ ಅಗತ್ಯವೂ ಬೀಳಲಾರದು.

ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಅದಕ್ಕೂ ಮೊದಲು ಪ್ರತಿ ಸದಸ್ಯನೂ ತನ್ನ ಸಂಗ್ರಹ ಪೆಟ್ಟಿಗೆಯನ್ನು ಮಾರಿದವರಿಗೆ ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಒಳಗಿರುವ ಕಡತ ವ್ಯವಸ್ಥೆ ಯಾವುದು. ಅದರ ಭದ್ರತಾ ತಿದ್ದುಪಡಿಗಳು ಯಾವ ವರ್ಷದವರೆಗೆ ಬರುತ್ತವೆ. ಸರಕನ್ನು ತಾನೇ ಓದಿ ತಾಳೆ ನೋಡುವ, ‘ಸ್ಕ್ರಬ್’ ಎಂಬ ಪರಿಶೀಲನೆಯನ್ನು ತಿಂಗಳಿಗೊಮ್ಮೆ ನಡೆಯುವಂತೆ ಹೊಂದಿಸಲಾಗಿದೆಯೇ. ಉತ್ತರ ತೊದಲಿದರೆ ಕರಾರನ್ನು ನವೀಕರಿಸುವ ಮುನ್ನ ಎರಡು ಬಾರಿ ಯೋಚಿಸಬೇಕು.

ಕೊನೆಯದು ಒಂದು ಭಾನುವಾರದ ಕೆಲಸ. ಮಾರ್ಚ್ ಮುಗಿಯುವುದರೊಳಗೆ, ಹಳೆಯ ಒಂದು ಯಂತ್ರವನ್ನು ಮೇಜಿನ ಮೇಲಿಟ್ಟು, ಕಳೆದ ವರ್ಷದ ಪ್ರತಿಯಿಂದ ಲೆಕ್ಕವನ್ನು ಅದರೊಳಗೆ ಮರಳಿ ತುಂಬಿಸಿ, ತಾಳೆಪಟ್ಟಿ ತೆಗೆದು, ಸಹಿಯಾದ ಅಢಾವೆ ಪತ್ರಿಕೆಯೊಂದಿಗೆ ಹೋಲಿಸಿ ನೋಡಬೇಕು. ಕೂಡಿದರೆ ಆ ದಿನಾಂಕವನ್ನೂ ಹಿಡಿದ ಸಮಯವನ್ನೂ ಒಂದು ಹಾಳೆಯಲ್ಲಿ ಬರೆದು ಕಡತಕ್ಕೆ ಹಚ್ಚಿಡಬೇಕು. ನಿಯಮ 57ರ ‘ಸಮಂಜಸ ಅವಧಿ’ ಎಷ್ಟೆಂದು ಯಾರಾದರೂ ಕೇಳಿದಾಗ ತೋರಿಸಲು ಆ ಹಾಳೆ ಇರುತ್ತದೆ. ಕೂಡದಿದ್ದರೆ, ಅದು ತಿಳಿಯಲು ಮಾರ್ಚ್ ತಿಂಗಳ ಭಾನುವಾರಕ್ಕಿಂತ ಒಳ್ಳೆಯ ದಿನ ಬೇರೆ ಇಲ್ಲ.